ಮಾವನ ರುಮಾಲು

ಈಗ ಕೊಳಾಲದಲ್ಲಿ ಹೆಂಗಸರಿಗೆ ಗ್ರಾಮಸೇವೆಯ ಪಾಠ ಹೇಳುವ ಸಿದ್ದಗಂಗಮ್ಮನಿಗೆ, ಎಷ್ಟೋ ವರ್ಷ ಹಿಂದೆ ಮಧುಗಿರಿಯಲ್ಲಿ ತಾನು ಅದೇ ಪಾಠ ಕಲಿತ ದಿನಗಳು ನೆನಪಾದರೆ ನಗು ಬರುತ್ತದೆ, ಹಿಂದೆಯೇ ಕಣ್ಣೂ ತುಂಬುತ್ತದೆ. ಎಂಥ ಕಾಲವಪ್ಪಾ ಅದು! ಬೆಟ್ಟದ ನೆರಳು ಅಂಗಳಕ್ಕೆ ಇಳಿಯುವಷ್ಟರಲ್ಲಿ ನಕ್ಕು ನಕ್ಕು ಹೊಟ್ಟೆ ಹುಣ್ಣಾಗಿರುತ್ತಿತ್ತು.

ಅಲ್ಲಿ ಕಲಿಸುತ್ತಿದ್ದ ಜಯರಾಮಯ್ಯ ಮೇಷ್ಟ್ರು ಪುಸ್ತಕ ಮುಟ್ಟಿದವರೇ ಅಲ್ಲ. "ನಾವು ಏನ್ ಹೇಳಿದ್ರೂ ಊರೋರು ಬೇಡ ಅಂತಾರಲ್ಲ, ಯಾಕೆ ಅಂತಾರೆ? ಅದನ್ನ ಕಲೀರಿ ಮೊದ್ಲು" ಎಂದು, ಬೇಡವೆನ್ನುವವರ ಪಾರ್ಟನ್ನೇ ಕಲಿಯುವವರ ಕೈಲಿ ಆಡಿಸುತ್ತಿದ್ದರು. ಆಡಿ ಮುಗಿಸಿದರೆ, "ಅವರ ಮಾತಲ್ಲಿ ನಿಜ ಎಷ್ಟು?" ಎಂದು ಕೆದಕುತ್ತಿದ್ದರು.

ಸುದ್ದಿಗೆ ಕಾಲು ಬಂತು. "ಬಡವನಹಳ್ಳಿ ಚನ್ನಮಲ್ಲಯ್ಯನ ಸೊಸೆ, ಗಂಡ ಸತ್ತೋಳು, ನಾಟ್ಕದ ಕಂಪ್ನಿ ಸೇರ್ಬುಟ್ಟವ್ಳಂತೆ!" ಚನ್ನಮಲ್ಲಯ್ಯ ಉರಿದುಬಿದ್ದು ಗಾಡಿ ಕಟ್ಟಿದ.

ಅವನು ಬರುವ ಹೊತ್ತಿಗೆ ಸಿದ್ದಗಂಗಮ್ಮ ತಲೆಗೆ ಪಂಚೆ ಸುತ್ತಿ, ಸೊಸೆಯನ್ನು ಓದಲು ಬಿಡದ ಮಾವನಾಗಿದ್ದಳು. ಚನ್ನಮಲ್ಲಯ್ಯನದೇ ಕೆಮ್ಮು, ನಶ್ಯ ಏರಿಸುವ ಅವನದೇ ಠೀವಿ. "ಹೊಸ್ಲು ದಾಟುದ್ರೆ ಕಾಲ್ ಮುರುದ್ಬುಡ್ತೀನಿ!" ಎಂದು ತಿರುಗಿದರೆ ಎದುರಿಗೆ ನಿಜವಾದ ಮಾವ! ಅಯ್ಯೋ ಶಿವನೇ! ಮನೆಯಲ್ಲಿ ಬಾಗಿಲ ಮರೆಯಿಂದಲ್ಲದೆ ಅವನೊಡನೆ ಮಾತಾಡಿದವಳಲ್ಲ. ಕಲಿತದ್ದು ಇಲ್ಲಿಗೆ ಮುಗಿಯಿತು, ಇನ್ನು ಸಾಯುವತನಕ ಅಡುಗೆಮನೆಯ ಮೂಲೆಯೇ ಗತಿ ಎಂದುಕೊಂಡಳು.

"ನಡಿ ಮನೆಗೆ" ಎಂದ ಚನ್ನಮಲ್ಲಯ್ಯ.

ಮೇಷ್ಟ್ರು ಕೈಮುಗಿದರು. "ಕರ್ಕೊಂಡ್ಹೋಗಿ ಯಜಮಾನ್ರೇ. ಅದಕ್ಕೆ ಮುಂಚೆ ಒಂದ್ಸಲ ನೀವು ಸೊಸೆಯಾಗಿ, ಅವಳು ಮಾವನಾಗೇ ಇರ್ಲಿ. ಯಾಕೆ ಓದ್ಬೇಕು ಅಂತ ಕೇಳ್ತಾಳೆ, ಜವಾಬು ಹೇಳಿ."

"ಥೂ! ನಾನೇನ್ ಹೆಂಗ್ಸೇನ್ರೀ?" ಎಂದು ಗುಡುಗಿದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಕಿಸಕ್ಕೆಂದರು. ಅದೇ ರೋಷಕ್ಕೆ ಒಪ್ಪಿದ. ಸೊಸೆ ಎಲ್ಲಿ ನಿಲ್ಲಬೇಕೆಂದು ಅವನಿಗೆ ಹೇಳಿಕೊಡಬೇಕೆ? ತಾನಾಗಿಯೇ ಬಾಗಿಲ ಮರೆಗೆ ಹೋಗಿ ನಿಂತ.

ಸಿದ್ದಗಂಗಮ್ಮ ತಲೆಯ ಪಂಚೆ ಸರಿಮಾಡಿಕೊಂಡು ಮಾವನಂತೆ ಕೆಮ್ಮಿದಳು. ಆಮೇಲೆ ಕೇಳಿದಳು, "ಓದಿ ಏನ್ ಮಾಡ್ತೀಯವ್ವ? ಹೊತ್ತೊತ್ತಿಗೆ ಹಿಟ್ಟು ಹಾಕ್ತಿಲ್ವಾ ನಾನು?"

ಬಾಗಿಲ ಹಿಂದೆ ನಶ್ಯದ ಡಬ್ಬಿ ಮುಚ್ಚಿದ ಸದ್ದಾಯಿತು. ಆಮೇಲೆ ಆ ಒರಟು ದನಿ ಸಣ್ಣಗೆ ಬಂತು.

"ಹಾಕ್ತಿದ್ದೀಯ ಮಾವ... ನೀನು ಹೋದ್ಮೇಲೆ ಯಾರು ಹಾಕ್ತಾರೆ?"

ಯಾರೂ ನಗಲಿಲ್ಲ. ಚನ್ನಮಲ್ಲಯ್ಯ ಈಚೆ ಬಂದು ಅವಳ ತಲೆಯ ಪಂಚೆ ನೋಡಿದ. "ಇಂಗಾ ಸುತ್ತಾದು?" ಎಂದು ಗೊಣಗಿ, ತನ್ನ ರುಮಾಲು ಬಿಚ್ಚಿ ಅವಳ ಮುಂದಿಟ್ಟ. ಬರಿದಲೆಯಲ್ಲೇ ಗಾಡಿ ಹತ್ತಿ ಒಬ್ಬನೇ ಹೊರಟುಹೋದ.

ಮಾವ ತೀರಿಹೋಗಿ ವರ್ಷಗಳಾದವು. ಅವಳು ತನ್ನ ಹಿಟ್ಟು ತಾನೇ ದುಡಿದು ಉಣ್ಣುತ್ತಿದ್ದಾಳೆ. ಪಾಠ ಶುರುವಾಗುವಾಗ ಆ ರುಮಾಲು ಹಿಡಿದು, "ಇವತ್ತು ಮಾವ ಯಾರಮ್ಮ ಆಗ್ತೀರ?" ಎನ್ನುತ್ತಾಳೆ. ಅದರಲ್ಲಿ ಇನ್ನೂ ಉಳಿದ ನಶ್ಯದ ಘಾಟಿಗೆ ಹೆಂಗಸರು ಸೀನುತ್ತಾರೆ. "ಒಂದ್ಸಲಾನಾದ್ರೂ ಒಗ್ಯಬಾರ್ದಾ ಅಕ್ಕಾ?" ಎಂದು ಬೇಡುತ್ತಾರೆ.

ಅವಳು ಒಗೆಯುವುದಿಲ್ಲ.