ಮರಾಠಿಯಲ್ಲಿ ಹೇಳಿದ್ದು

ಗುರುಸಿದ್ದವ್ವನಿಗೆ ಮುಟ್ಟು ನಿಂತು ನಾಲ್ಕೈದು ವರ್ಷವಾಗಿತ್ತು. ಈಗ ಮತ್ತೆ ರಕ್ತ ಕಾಣತೊಡಗಿತ್ತು. ಅದೂ ಗಂಡ ನಾಗಲಿಂಗಪ್ಪನ ಮಗ್ಗುಲಲ್ಲಿ ಮಲಗಿದ ಮರುದಿನ. ಮನೆಗೆ ಸೊಸೆ ಬಂದ ಮೇಲೂ ಇವರಿಗೆ ಇದೆಲ್ಲ ಬೇಕೇ ಎಂದು ಜನ ಆಡಿಕೊಂಡರೆ ತಲೆ ಎತ್ತಿ ತಿರುಗುವುದು ಹೇಗೆ? ಬಟ್ಟೆಯನ್ನು ಕದ್ದು ಒಗೆದು, ಕದ್ದು ಒಣಗಿಸುತ್ತಿದ್ದಳು. ಆದರೆ ದಾಂಡೇಲಿಯ ಅಂಬೇವಾಡಿಯ ಆ ಎರಡು ಕೋಣೆಯ ಮನೆಯಲ್ಲಿ ಮುಚ್ಚಿಡುವುದಾದರೂ ಎಲ್ಲಿ! ಸೊಸೆ ಶಿವಗಂಗವ್ವನ ಕಣ್ಣಿಗೆ ಬಿದ್ದೇಬಿಟ್ಟಿತು. ಅವಳು ಹಟ ಹಿಡಿದು ದವಾಖಾನೆಗೆ ಕರೆತಂದಳು.

ಕಾಗದದ ಮಿಲ್ಲು ಶುರುವಾದ ಮೇಲೆ ದಾಂಡೇಲಿಗೆ ಎಲ್ಲೆಲ್ಲಿಯ ಜನವೋ ಬಂದಿದ್ದರು. ಈ ಲೇಡಿ ಡಾಕ್ಟರು ಮಿರಜ ಕಡೆಯವರು, ಕನ್ನಡ ಬಾರದು. ಚಿಗಳ್ಳಿಯಲ್ಲಿ ಹುಟ್ಟಿ ಬೆಳೆದ ಗುರುಸಿದ್ದವ್ವನಿಗೆ ಮರಾಠಿ ಬಾರದು. ಬೆಳಗಾವಿ ಕಡೆಯ ಸೊಸೆಯೇ ನಡುವೆ ನಿಲ್ಲಬೇಕಾಯಿತು. ದೇವರಿಗೆ ಬೇರೆ ಯಾರೂ ಸಿಗಲಿಲ್ಲ ನೋಡಿ!

"ರಕ್ತ ಯಾವಾಗ ಕಾಣಸ್ತೈತಿ ಅಂತ ಕೇಳಾಕತ್ತಾರ್ರಿ, ಅತ್ತಿ."

ಗುರುಸಿದ್ದವ್ವ ಗೋಡೆ ನೋಡಿದಳು. "ನೀರಿನ ಕೊಡಾ ಎತ್ತಿದಾಗ ಅಂತ ಹೇಳು."

ಸೊಸೆ ಡಾಕ್ಟರ ಕಡೆ ತಿರುಗಿ ಮರಾಠಿಯಲ್ಲಿ ಹೇಳತೊಡಗಿದಳು. ಒಂದು ಕೊಡ ನೀರಿಗೆ ಇಷ್ಟುದ್ದದ ಮಾತೇ? ನಡುವೆ 'ಮಾಮಂಜಿ' ಎಂದದ್ದು ಗುರುಸಿದ್ದವ್ವನ ಕಿವಿಗೆ ಬಿತ್ತು. ತವರಿನ ರೂಢಿಯಂತೆ ಸೊಸೆ ಮಾವನನ್ನು ಮನೆಯಲ್ಲೂ ಹಾಗೇ ಕರೆಯುತ್ತಿದ್ದಳು. ಅಂದರೆ ಇವಳಿಗೆ ಎಲ್ಲವೂ ಗೊತ್ತು! ಗುರುಸಿದ್ದವ್ವನ ಮೈಯೆಲ್ಲ ನಾಚಿಕೆಯಿಂದ ಉರಿದುಹೋಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಡಾಕ್ಟರು ನಗಲಿಲ್ಲ. ಮೇಜಿನ ಮೇಲೆ ಮಲಗಿಸಿ, ಬ್ಯಾಟರಿ ಹಿಡಿದು ನೋಡಿದರು. ಪರೀಕ್ಷೆಗೆಂದು ಒಳಗಿನಿಂದ ಒಂದಿಷ್ಟು ದ್ರವ ತೆಗೆದು ಗಾಜಿನ ಪಟ್ಟಿಗೆ ಸವರಿಟ್ಟರು. ಅವರು ಹೇಳಿದ್ದನ್ನು ಸೊಸೆ ತಲೆ ತಗ್ಗಿಸಿಕೊಂಡೇ ಕನ್ನಡಕ್ಕೆ ತಂದಳು.

"ಕೊಡದ ಮಾತಷ್ಟ ಹೇಳಿದ್ರ ಟಾನಿಕ್ ಕೊಟ್ಟು ಕಳಸ್ತಿದ್ರಂತ್ರಿ. ಗರ್ಭಕೋಶದ ಬಾಯಾಗ ಹುಣ್ಣೈತಂತ. ಕ್ಯಾನ್ಸರ್ ಇರಬಹುದಂತ. ತಡಾ ಮಾಡದ ಮಿರಜಿನ ದೊಡ್ಡ ದವಾಖಾನಿಗೆ ಹೋದ್ರ ವಾಸಿ ಆದೀತಂತ."

"ಮತ್ತೇನಂದ್ರು?"

"ಏನರ ಆದಮ್ಯಾಲೆ ಬರೂದಲ್ಲಂತ್ರಿ. ಮೂವತ್ತು ದಾಟಿದ ಹೆಂಗಸ್ರು, ಏನೂ ಆಗದಿದ್ರೂ, ಮೂರ್ನಾಕು ವರ್ಷಕ್ಕೊಮ್ಮೆ ತೋರಿಸಿಕೋಬೇಕಂತ."

ಹೊರಗೆ ಬಂದರೂ ಗುರುಸಿದ್ದವ್ವನಿಗೆ ಸೊಸೆಯ ಮುಖ ನೋಡಲಾಗಲಿಲ್ಲ.

"ನಿನಗ ಮೂವತ್ತು ಯಾವಾಗ?"

"ಬರೂ ವರ್ಷ್ರಿ."

"ಹಂಗಾರ ನೀನೂ ತೋರಿಸಿಕೋಬೇಕು."

ಶಿವಗಂಗವ್ವ ಸೆರಗು ಎಳೆದುಕೊಂಡಳು. "ನನಗ ನಾಚಿಕಿ ಬರ್ತೈತ್ರಿ, ಅತ್ತಿ."

ಗುರುಸಿದ್ದವ್ವ ರಸ್ತೆಯ ಕಡೆ ನೋಡುತ್ತಲೇ ಸೊಸೆಯ ಕೈ ಹಿಡಿದುಕೊಂಡಳು.

"ನಾ ಉಳಕೊಂಡ್ರ, ನಾನ ಕರಕೊಂಡು ಬರ್ತೇನಿ."