ಸೋದರಮಾವನ ಸೊಪ್ಪು

ಮೊನ್ನೆ ಬೆಳಿಗ್ಗೆ ಚಿನಕುರಳಿಯಿಂದ ಭಾವ ಚಿಕ್ಕಸ್ವಾಮಿ ಬಂದರು. ಅವರ ಮಗಳು ರಂಜಿತ ಮೈನೆರೆದಿದ್ದಾಳೆ. ಹಸಿ ಸೊಪ್ಪು ಒಯ್ದು, ಮೈನೆರೆದ ಹುಡುಗಿ ಕೂರುವ ಗುಡ್ಲು ಹಾಕಬೇಕಾದವನು ಸೋದರಮಾವನಾದ ನಾನು. "ಬತ್ತೀನಿ, ನಡೀರಿ ಭಾವ" ಅಂದೆ. ಒಳಗೆ ನನ್ನ ಹೆಂಡತಿ ಮಮತ ನಮ್ಮ ಅರ್ಪಿತಳಿಗೆ ಗಂಜಿ ಕುಡಿಸುತ್ತಿದ್ದಳು. ಅರ್ಪಿತಳಿಗೂ ಹನ್ನೆರಡೇ ವರ್ಷ. ಕತ್ತು ನಿಲ್ಲುವುದಿಲ್ಲ.

ಏಳು ವರ್ಷದ ಹಿಂದೆ, ತೊಂಬತ್ತೆರಡರಲ್ಲಿ, ನಮ್ಮ ಕ್ಯಾತನಹಳ್ಳಿಗೆ ಮೆದುಳು ಜ್ವರಕ್ಕೆಂದು ಹೊಸ ಸೂಜಿ ಬಂತು. ಅದನ್ನು ಹಾಕಿಸಿಕೊಂಡ ಹೆಣ್ಣುಮಕ್ಕಳು ಮೈನೆರೆಯುವುದೇ ಇಲ್ಲ ಎಂಬ ಮಾತು ಸೂಜಿಗಿಂತ ಮೊದಲೇ ಬಂದಿತ್ತು. ತಂಗಿ ಪುಟ್ಟತಾಯಿ ಮಗಳು ರಂಜಿತಳ ಜೊತೆ ತವರಿಗೆ ಬಂದಿದ್ದಳು. ಶಾಲೆಯ ಜಗಲಿಯಲ್ಲಿ ಎರಡೂ ಮಕ್ಕಳು ಸಾಲಿನಲ್ಲಿ ನಿಂತಿದ್ದವು. ನಾನು ಹೋಗಿ ನರ್ಸ್ ಲಕ್ಷ್ಮಿದೇವಮ್ಮನವರನ್ನು ಕೇಳಿದೆ.

"ಇದ ಹಾಕುಸ್ಕಂಡ ಮಕ್ಳು ಇಪ್ಪತ್ತು ವರ್ಸ ಆದ್ಮೇಲೆ ಎಂಗಿರ್ತವೆ ನರ್ಸಮ್ಮ?"

"ಅಷ್ಟು ದೂರದ್ದು ನಂಗೊತ್ತಿಲ್ಲ ಕಣಪ್ಪ ತಿಮ್ಮರಾಜು. ಜ್ವರ ಬಂದ್ರೆ ಏನಾಯ್ತದೆ ಅಂತ ಗೊತ್ತು. ಆಸ್ಪತ್ರೇಲಿ ನೋಡಿವ್ನಿ."

ಆ ತಾಯಿ ನಿಜ ಹೇಳಿದರು. ನಾನು ಅದರಲ್ಲಿ ಅರ್ಧ ಮಾತ್ರ ಕೇಳಿಸಿಕೊಂಡೆ. ಸುತ್ತ ನಿಂತವರು ತಿಮ್ಮರಾಜು ಸರಿಯಾಗಿ ಕೇಳಿದ ಎಂದರು. ನಾನೂ ಉಬ್ಬಿದೆ.

ನಮ್ಮಪ್ಪನದೊಂದು ಕಟ್ಟಳೆ ಇತ್ತು. ಹೊಸ ಭತ್ತದ ತಳಿ ಬಂದ ವರ್ಷವೇ ಬಿತ್ತಬಾರದು, ಪಕ್ಕದವನ ಗದ್ದೆಯಲ್ಲಿ ಒಂದು ಬೆಳೆ ನೋಡಬೇಕು. ಅದರಿಂದ ನಮ್ಮ ಮನೆ ಎಂದೂ ಕೆಟ್ಟಿರಲಿಲ್ಲ. ಅರ್ಪಿತಳ ಕೈಹಿಡಿದು ಸಾಲಿನಿಂದ ಎಳೆದುಕೊಂಡೆ.

"ನಾನು ಹಾಕುಸ್ತೀನಿ ಕಣಣ್ಣ. ನಮ್ಮೂರಲ್ಲಿ ಓದೊರ್ಸ ಈ ಜ್ವರಕ್ಕೇ ಎರಡು ಮಕ್ಳು ಓಗ್ಬುಟ್ಟೊ" ಅಂದಳು ತಂಗಿ.

"ಹಾಕುಸ್ಕೊ. ನಿನ್ ಮಗ್ಳ ನೋಡ್ಕಂಡು ನಾನು ಆಮೇಲೆ ಹಾಕುಸ್ತೀನಿ" ಎಂದು ನಕ್ಕೆ. ಅವಳು ನಗಲಿಲ್ಲ. ಸ್ವಂತ ತಂಗಿಯ ಮಗು ನನಗೆ ಪಕ್ಕದ ಗದ್ದೆಯಾಯಿತು.

ರಂಜಿತಳ ತೋಳು ಊದಿ ಎರಡು ದಿನ ಜ್ವರ ಬಂತು. ಅದನ್ನು ಊರೆಲ್ಲ ಹೇಳಿಕೊಂಡು ಬಂದೆ. ಭತ್ತ ಹಾಲುಗಟ್ಟುವ ಹೊತ್ತಿಗೆ ಅರ್ಪಿತಳಿಗೆ ಜ್ವರ ಬಂತು. ಮೂರನೆಯ ದಿನ ಫಿಟ್ಸು. ಮೈಸೂರಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಇದ್ದು ಜೀವ ಉಳಿಸಿಕೊಂಡು ಬಂದೆವು. ಕಂಡಕ್ಟರಂತೆ "ರೈಟ್, ರೈಟ್" ಎಂದು ಅಂಗಳವೆಲ್ಲ ಓಡುತ್ತಿದ್ದ ಮಗು ಮತ್ತೆ ಮಾತಾಡಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ನನಗೆ ಬುದ್ಧಿ ಮೊದಲೇ ಇತ್ತು, ಕೆಡಿಸಿದ್ದೇ ಅದು.

ಇನ್ನೊಂದಿದೆ, ಹೇಳಿಬಿಡುತ್ತೇನೆ. ಹಬ್ಬಕ್ಕೆ ರಂಜಿತ ಬಂದಾಗಲೆಲ್ಲ ಅವಳ ನಡಿಗೆ, ಕಣ್ಣು, ಮಾತು ಎಲ್ಲವನ್ನೂ ಗಮನಿಸುತ್ತಿದ್ದೆ. ಎಲ್ಲಾದರೂ ಒಂದು ಐಬು ಕಂಡೀತೇ ಎಂದು ಕಾಯುತ್ತಿದ್ದೆ. ಕಂಡಿದ್ದರೆ ನಾನು ಮಾಡಿದ್ದು ಸರಿ ಅನ್ನಿಸಿಕೊಳ್ಳುತ್ತಿತ್ತು. ಅವಳು ಓಡಿದಳು, ಓದಿದಳು, ನನಗಿಂತ ಎತ್ತರವಾಗುವಂತೆ ಬೆಳೆದಳು. ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಭಾವ ಹೋದ ಮೇಲೆ ಹಲಸು, ಮಾವಿನ ಕೊಂಬೆ ಕಡಿದು ತಂದು ಸೈಕಲ್ಲಿಗೆ ಕಟ್ಟುತ್ತಿದ್ದೆ. ಮಮತ ಗಂಜಿಯ ಬಟ್ಟಲು ಹಿಡಿದು ಹೊರಗೆ ಬಂದಳು. ಏಳು ವರ್ಷದಲ್ಲಿ ಒಂದು ದಿನವೂ ಅವಳು ನನ್ನನ್ನು ದೂರಿದವಳಲ್ಲ.

"ಎಲ್ಲಾನೂ ಒಯ್ಬ್ಯಾಡಿ. ನಾಕು ಕೊಂಬೆ ಇಲ್ಲೇ ಬುಡಿ."

"ಯಾಕೆ?"

"ಅರ್ಪಿತ ಆಸಾಡ್ದಲ್ಲೇ ಮೈನೆರೆದ್ಲು. ನಿಮ್ಗೆ ಗೊತ್ತಾಗ್ನಿಲ್ಲ. ನೀವಿನ್ನೂವೆ ಪಕ್ಕದ ಗದ್ದೆ ನೋಡ್ತಿದ್ರಲ್ಲ."