ಚಪ್ಪಡಿಯ ಕೆಳಗಿನ ಇಟ್ಟಿಗೆ

“ನಿಲ್ಸಿ, ನಿಲ್ಸಿ! ತಿರುವಲ್ಲಿ ಹಲಗೆ ತಿರುಗಲ್ಲ,” ಎಂದು ಮಗಳು ಮಹಡಿಯಿಂದ ಕೂಗಿದಳು.

ಖಾಲಿ ಹಲಗೆ ಹೊತ್ತು ಹತ್ತುತ್ತಿದ್ದವರು ನಡುಮೆಟ್ಟಿಲಲ್ಲೇ ನಿಂತರು. ಅಪ್ಪ ಮೇಲಿನ ಕೋಣೆಯಲ್ಲಿ ಜೀವ ಹೋಗಿ ತಣ್ಣಗೆ ಮಲಗಿದ್ದ. ಬೀದಿಯ ಅರ್ಧ ಮನೆಗಳನ್ನು ಕಟ್ಟಿದ ಮೇಸ್ತ್ರಿ, ತನ್ನ ಮನೆಯ ಮೆಟ್ಟಿಲನ್ನು ಮಾತ್ರ ಉಳಿದ ಮೂಲೆಯಲ್ಲಿ ಸುರುಳಿ ಸುತ್ತಿಸಿ ಮುಗಿಸಿದ್ದ.

“ಬೆಡ್‌ಶೀಟಲ್ಲಿ ಸುತ್ತಿ ಕೂರಿಸ್ಕೊಂಡು ಇಳಿಸೋಣ ಕಣಮ್ಮ,” ಎಂದ ಚಿಕ್ಕಪ್ಪ.

“ಮೂಟೆ ಥರಾನಾ? ಒಂದು ಇಟ್ಟಿಗೆನೂ ಎಸೆದೋನಲ್ಲ ಅಪ್ಪ, ಕೈಯಿಂದ ಕೈಗೇ ಕೊಡ್ತಿದ್ದ. ಅವನು ಮಲಗಿದ ಹಾಗೇ ಹೋಗ್ಬೇಕು.”

“ಹಾಗಾದ್ರೆ ಗೋಡೆಯೊಳಗೆ ತೂರಿಸ್ತೀಯೇನು?”

ಚಿಕ್ಕಪ್ಪ ಸಿಟ್ಟಿನಲ್ಲಿ ಅಂದ ಮಾತು. ಮಗಳು ಮಾತ್ರ ತಿರುಗಿ ಗೋಡೆಯನ್ನೇ ನೋಡಿದಳು.

*

ಅಕ್ಕಪಕ್ಕದ ಎರಡು ಮನೆಗೂ ಸೇರಿದ ನಡುಗೋಡೆ ಅದು. ಅದನ್ನು ಕಟ್ಟುವಾಗ ಅವಳು ಅಪ್ಪನ ಸೊಂಟದೆತ್ತರ ಇದ್ದಳು. ಗಡಿರೇಖೆಯು ಗೋಡೆಯ ನಟ್ಟನಡುವೆ ಬರುವಂತೆ ದಾರ ಎಳೆದು, ಅಪ್ಪ ಅಲ್ಲಲ್ಲಿ ಒಂದೊಂದು ಇಟ್ಟಿಗೆಯನ್ನು ಅಡ್ಡಲಾಗಿ ಕೂರಿಸುತ್ತಿದ್ದ: ಒಂದು ತುದಿ ಈ ಮನೆಗೆ, ಇನ್ನೊಂದು ಪಕ್ಕದ ಮನೆಗೆ. ಮಹಡಿಗೆ ಬಂದಾಗ ಬಾಗಿಲ ಮೇಲೆ ಇಡುವಂಥ ಕಲ್ಲುಚಪ್ಪಡಿಯೊಂದನ್ನು ಗೋಡೆಯಲ್ಲಿ ಸೇರಿಸಿದ. ಅದರ ಕೆಳಗಿನ ಇಟ್ಟಿಗೆಗಳಿಗೆ ಸಿಮೆಂಟಿಲ್ಲ, ಬರೀ ಕೆಸರುಮಣ್ಣು.

“ಇಲ್ಯಾಕಪ್ಪಾ ಮಣ್ಣು?”

“ಬೆಂಕಿ ಗಿಂಕಿ ಬಿದ್ರೆ ಒಬ್ಬರ ಮನೆಗೊಬ್ಬರು ಓಡ್ಬೇಕಲ್ಲ ಮಗಳೇ.”

“ಹಾಗಿದ್ರೆ ಬಾಗಿಲೇ ಇಡು.”

“ಬಾಗಿಲಿಟ್ರೆ ದಿನಾ ಜಗಳ. ದಾರೀನೇ ಇಲ್ದಿದ್ರೆ ಕಷ್ಟಕ್ಕೆ ಯಾರೂ ಇಲ್ಲ.” ಕರಣೆಯ ಹಿಡಿಯಿಂದ ಗೋಡೆಗೆ ಮೂರು ಸಲ ತಟ್ಟಿ ತೋರಿಸಿದ. “ಒಂದು ಮೊಳೆ ಹೊಡೆಯೋದಾದ್ರೂ ಹೀಗೆ ತಟ್ಟಿ ಕೇಳ್ಬೇಕು. ಅರ್ಧ ಗೋಡೆ ಅವರದು. ಆ ಕಡೆ ಕೂಸು ಮಲಗಿರುತ್ತೆ.”

*

ಆ ಅರ್ಧ ಈಗ ಪಕ್ಕದ ಮನೆಯ ಟೈಲರಕ್ಕನದು. ಕಳೆದ ವರ್ಷ ಅವಳು ತಟ್ಟದೆ ಮೊಳೆ ಹೊಡೆದಿದ್ದಳು. ಗಾರೆ ಉದುರಿ ಅಪ್ಪನ ಲೋಟಕ್ಕೆ ಬಿದ್ದಿತ್ತು. ಮಗಳು ಕಿಟಕಿಯಿಂದಲೇ ಅವಳ ಜನ್ಮ ಜಾಲಾಡಿದ್ದಳು. ಅಲ್ಲಿಂದ ಮಾತಿಲ್ಲ. “ಏಟು ಬಿದ್ದಿದ್ದು ಗೋಡೆಗೆ, ಮುಖ ಊದಿಸ್ಕೊಂಡಿರೋದು ನೀವು,” ಎಂದು ಅಪ್ಪ ನಕ್ಕಿದ್ದ.

ಇವತ್ತೂ ಅವಳು ಬಂದಿರಲಿಲ್ಲ. ಆದರೆ ಯಾವತ್ತೂ ನಿಲ್ಲದ ಅವಳ ಹೊಲಿಗೆ ಯಂತ್ರ ಬೆಳಗಿನಿಂದ ಸದ್ದು ಮಾಡಿರಲಿಲ್ಲ.

ಮಗಳು ಗೋಡೆಗೆ ಮೂರು ಸಲ ತಟ್ಟಿದಳು. ಗೋಡೆಗೆ ಕಿವಿಯಿಟ್ಟಳು. ಇನ್ನೊಮ್ಮೆ ತಟ್ಟಬೇಕೆಂದು ಕೈಯೆತ್ತುವಾಗ ಆ ಕಡೆಯಿಂದ ಮೂರು ತಟ್ಟು ಕೇಳಿಸಿತು.

ಅವಳು ಕಿಟಕಿಗೆ ಓಡಿದಳು. “ಅಕ್ಕಾ, ಗೋಡೇನ ಚಪ್ಪಡಿ ಕೆಳಗೆ ಬಿಚ್ಚಲಾ? ಅಪ್ಪನ್ನ ನಿಮ್ಮ ಮೆಟ್ಟಿಲಲ್ಲಿ...”

ಪಕ್ಕದ ಕಿಟಕಿಯಲ್ಲಿ ಅತ್ತು ಕೆಂಪಾದ ಮುಖವೊಂದು ಕಂಡಿತು. “ಕೇಳೋದೇನೇ ಅದನ್ನ! ತಡಿ, ಬೀರು ಸರಿಸ್ತೀನಿ. ಆ ದರಿದ್ರ ಮೊಳೇನೂ ಕೀಳ್ತೀನಿ.”

ಅಳುತ್ತಿದ್ದವರೂ ನಕ್ಕುಬಿಟ್ಟರು.

ಗಾರೆ ಕೆರೆದದ್ದೇ ತಡ, ಇಟ್ಟಿಗೆಗಳು ಕೈಗೇ ಬಂದವು. ಈ ಕಡೆಯವು ಈ ಕೋಣೆಗೆ, ಆ ಕಡೆಯವು ಆ ಕೋಣೆಗೆ. ಒಂದೂ ಒಡೆಯಲಿಲ್ಲ, ಮೇಲಿನ ಚಪ್ಪಡಿ ಕೂದಲೆಳೆಯಷ್ಟೂ ಕದಲಲಿಲ್ಲ.

“ಎಲಾ ಅಣ್ಣಾ!” ಚಿಕ್ಕಪ್ಪ ಚಪ್ಪಡಿಯನ್ನು ಸವರಿದ. “ನಿನ್ನ ದಾರಿ ನೀನೇ ಕಟ್ಟಿಟ್ಟಿದ್ಯಲ್ಲೋ.”

ಕಂಡಿಯ ಚೂಪಾದ ಅಂಚು ತಾಗದಿರಲೆಂದು ಟೈಲರಕ್ಕ ಗಿರಾಕಿಯ ಹೊಸ ಬಟ್ಟೆಯನ್ನೇ ಮಡಚಿ ಹಿಡಿದಳು. ಅಪ್ಪ ಮಲಗಿದ ಹಾಗೇ, ನೆಟ್ಟಗೆ, ತನ್ನ ಗೋಡೆಯನ್ನು ದಾಟಿ ಪಕ್ಕದ ಮನೆಯ ಅಗಲವಾದ ಮೆಟ್ಟಿಲಿಳಿದು ಹೋದ.

ಸಂಜೆ ಮಣ್ಣು ಮಾಡಿ ಬಂದ ಚಿಕ್ಕಪ್ಪ ಒಂದು ಬಕೆಟ್ ನೀರು ತಂದು ಕಂಡಿಯಲ್ಲಿಟ್ಟ. “ಇಟ್ಟಿಗೆ ಇದ್ರಲ್ಲಿ ನೆನೆಹಾಕಿ. ಒಣ ಇಟ್ಟಿಗೆ ಹಿಡ್ಕೊಳಲ್ಲ. ನಾಳೆ ಮುಚ್ಚೋಣ.”

ಅವನು ಇಳಿದು ಹೋದ. ಟೈಲರಕ್ಕ ಆ ಕಡೆ ಕೂತಳು, ಮಗಳು ಈ ಕಡೆ. ಇಬ್ಬರೂ ಬಕೆಟ್ಟಿಗೆ ಕೈಯದ್ದಿ ಉಗುರಸಂದಿಯ ಮಣ್ಣು ತೊಳೆದುಕೊಂಡರು. ನೀರು ಕೆಂಪಾಯಿತು. ಇಬ್ಬರೂ ಒಂದನ್ನೂ ನೀರಿಗೆ ಹಾಕಲಿಲ್ಲ; ಇಟ್ಟಿಗೆಗಳು ಎರಡೂ ಕೋಣೆಗಳಲ್ಲಿ ಒಣಗಿಕೊಂಡೇ ಕೂತಿದ್ದವು.